25 ಕಿಲೋವ್ಯಾಟ್ ಸೋಲಾರ್, ಮೂರು ಇನ್ವರ್ಟರ್: ಕಂಬೈನರ್ ಪ್ಯಾನೆಲ್ 40 ಆಂಪ್ಸ್ ಸಾಕಾ?

ಕರಿಮೆಣಸು:

ಎಲ್ಲರಿಗೂ ನಮಸ್ಕಾರ. ಮಾದಾಪುರದ ಕಡೆ ನಮ್ಮದು ಕಾಫಿ ತೋಟ, ಜೊತೆಗೆ ಒಂದು ಸಣ್ಣ ಹೋಂಸ್ಟೇ. ಪ್ರಶ್ನೆ ಉದ್ದ ಇದೆ. ಆದರೆ ಅಂಕಿ ಎಲ್ಲ ಕೊಡುತ್ತಿದ್ದೇನೆ, ಆಮೇಲೆ "ಡೀಟೇಲ್ಸ್ ಹಾಕಿ ಮೇಡಂ" ಅನ್ನಬೇಡಿ.

ಮನೆ ಮಾಡಿನ ಮೇಲೆ ಈಗಾಗಲೇ 10 ಕಿಲೋವ್ಯಾಟ್ ಸೋಲಾರ್ ಇದೆ. ಈಗ ಗೋಡೌನ್ ಮೇಲೆ ಇನ್ನೊಂದು 10, ಪಲ್ಪರ್ ಹೌಸ್ ಶೀಟಿನ ಮೇಲೆ 5 ಹಾಕಿಸುತ್ತಿದ್ದೇವೆ. ಮೂರಕ್ಕೂ ಒಂದೊಂದು ತ್ರೀ ಫೇಸ್ ಇನ್ವರ್ಟರ್ (ಸೋಲಾರ್‌ನ ಡಿಸಿ ಕರೆಂಟನ್ನು ಎಸಿ ಮಾಡುವ ಪೆಟ್ಟಿಗೆ). ಮೂರರ ಲೈನೂ ಆಫೀಸ್ ರೂಮಿನ ಹೊರಗೋಡೆಗೆ ಬಂದು ಒಂದೇ ಡಬ್ಬದಲ್ಲಿ, ಅಂದರೆ ಕಂಬೈನರ್‌ನಲ್ಲಿ, ಸೇರಬೇಕು. ಅಲ್ಲಿಂದ ಒಂದೇ ಕೇಬಲ್ ಮೇನ್ ಪ್ಯಾನೆಲ್‌ಗೆ ಹೋಗಬೇಕು. ತಕರಾರು ಈ ಡಬ್ಬದ್ದೇ.

ನಮ್ಮ ಎಲೆಕ್ಟ್ರಿಷಿಯನ್ ಹೇಳುವುದು ಹೀಗೆ: "25 ಕಿಲೋವ್ಯಾಟ್ ಅಂದ್ರೆ 35 ಆಂಪ್ಸ್ ಅಕ್ಕ. 40ರ ಎಂಸಿಬಿ ಹಾಕಿದ್ರೆ ಆಯ್ತು." (ಎಂಸಿಬಿ ಅಂದರೆ ಕರೆಂಟ್ ಜಾಸ್ತಿಯಾದರೆ ತಾನಾಗಿ ಬೀಳುವ ಬ್ರೇಕರ್ ಸ್ವಿಚ್.) ಒಳ್ಳೆಯ ಹುಡುಗ, ಅವನ ಅಪ್ಪನ ಕಾಲದಿಂದ ನಮ್ಮ ತೋಟದ ವೈರಿಂಗ್ ಅವರದ್ದೇ. ಕೋಟೇಶನ್‌ನಲ್ಲಿ ಬರೆದಿರುವುದು: ಶೀಟ್ ಮೆಟಲ್ ಡಿಬಿ (ಎಂಸಿಬಿಗಳನ್ನು ಕೂರಿಸುವ ಡಬ್ಬ), 40 ಆಂಪ್ಸ್ ಫೋರ್ ಪೋಲ್ ಮೇನ್, ಇನ್ವರ್ಟರ್‌ಗಳಿಗೆ 16, 16, 10ರ ಎಂಸಿಬಿ.

ಅದನ್ನು ಫೋಟೋ ತೆಗೆದು ಸ್ಯಾಕ್ರಮೆಂಟೋದಲ್ಲಿರುವ ನನ್ನ ಅಕ್ಕನ ಮಗನಿಗೆ ಕಳಿಸಿದೆ. ಅವನು "ಚಿಕ್ಕಮ್ಮ, ಇಲ್ಲಾಗಿದ್ದರೆ ಇದು ಪಾಸೇ ಆಗಲ್ಲ" ಅಂದ. 125 ಪರ್ಸೆಂಟ್ ರೂಲ್ ಇದೆಯಂತೆ, 120 ಪರ್ಸೆಂಟ್ ರೂಲ್ ಅಂತ ಇನ್ನೊಂದಂತೆ. ಅದು ಅಮೆರಿಕದ ಕಾನೂನು ಕಣೋ ಅಂದರೆ, "ಕರೆಂಟಿಗೆ ಪಾಸ್‌ಪೋರ್ಟ್ ಇಲ್ಲ ಚಿಕ್ಕಮ್ಮ" ಅನ್ನುತ್ತಾನೆ. ಮಾತಿಗೇನೂ ಕಮ್ಮಿ ಇಲ್ಲ.

ಇನ್ವರ್ಟರ್ ಪಕ್ಕದ ಧೂಳು ಒರೆಸಿ ಲೇಬಲ್ ಓದಿದೆ. 10 ಕಿಲೋವ್ಯಾಟ್‌ನದ್ದರಲ್ಲಿ ಮ್ಯಾಕ್ಸಿಮಮ್ ಔಟ್‌ಪುಟ್ ಕರೆಂಟ್ 16 ಆಂಪ್ಸ್ ಅಂತಿದೆ. 5ರದ್ದು 8. ಮೇನ್ ಪ್ಯಾನೆಲ್‌ನಲ್ಲಿ 63 ಆಂಪ್ಸ್ ಎಂಸಿಸಿಬಿ (ದೊಡ್ಡ ಬ್ರೇಕರ್) ಇದೆ, ಬಾಗಿಲ ಒಳಗಿನ ಪ್ಲೇಟಿನಲ್ಲಿ ಬಸ್‌ಬಾರ್ (ಬ್ರೇಕರ್‌ಗಳೆಲ್ಲ ಸೇರುವ ತಾಮ್ರದ ಪಟ್ಟಿ) 100 ಆಂಪ್ಸ್ ಅಂತ ಬರೆದಿದೆ. ಮಂಜೂರಾದ ಲೋಡ್ 25 ಕಿಲೋವ್ಯಾಟ್. ಏಳೂವರೆ ಎಚ್‌ಪಿ ಪಲ್ಪರ್, 5 ಎಚ್‌ಪಿ ಪಂಪು, ಗೀಸರ್‌ಗಳು, ಫ್ರಿಜ್‌ಗಳು ಇವೆ. ಟ್ರಾನ್ಸ್‌ಫಾರ್ಮರ್ 63 ಕೆವಿಎ, ನಮ್ಮ ಗೇಟಿನ ಹತ್ತಿರವೇ.

40 ಸಾಕಾ? ಸಾಲದಿದ್ದರೆ ಯಾಕೆ ಸಾಲದು ಅಂತ ಹುಡುಗನಿಗೆ ಅರ್ಥವಾಗುವ ಹಾಗೆ ಹೇಳಬೇಕು. ಸುಮ್ನೆ "ಅಮೆರಿಕದಲ್ಲಿ ಹಾಗಂತೆ" ಅಂದರೆ ನಗುತ್ತಾನೆ.

—

ಗೋಣಿಕೊಪ್ಪ ರೈಡರ್:

ಮೇಡಂ, ನಮ್ಮ ಕೊಡಗಿನಲ್ಲಿ 25 ಕಿಲೋವ್ಯಾಟ್ ಹಾಕಿದರೆ 25 ಯಾವತ್ತು ಬರುತ್ತದೆ ಹೇಳಿ? ಅರ್ಧ ವರ್ಷ ಮಳೆ, ಮಂಜು. ಉಳಿದರ್ಧಕ್ಕೆ ಸಿಲ್ವರ್ ಓಕ್ ನೆರಳು. 40 ಧಾರಾಳ. ನನ್ನ 5 ಕಿಲೋವ್ಯಾಟ್ ಸೆಟ್ ಮಾಮೂಲಿ ಎಂಸಿಬಿಯಲ್ಲೇ ಓಡುತ್ತಿದೆ, ಒಂದು ದಿನವೂ ಟ್ರಿಪ್ ಆಗಿಲ್ಲ.

—

ಹಳೇ ವೈರ್‌ಮ್ಯಾನ್:

ರೈಡರ್ ಅವರೇ, ಜುಲೈ ಲೆಕ್ಕದಲ್ಲಿ ಪ್ಯಾನೆಲ್ ಕಟ್ಟಿದರೆ ಮಾರ್ಚ್‌ನಲ್ಲಿ ಸುಡುತ್ತದೆ. ವರ್ಷದ ಸರಾಸರಿ ಬಿಲ್ಲಿಗೆ ಸರಿ, ತಾಮ್ರದ ಪಟ್ಟಿಗೆ ಅಲ್ಲ. ಅದಕ್ಕೆ ವರ್ಷದಲ್ಲಿ ಅತಿ ಜಾಸ್ತಿ ಕರೆಂಟು ಹರಿಯುವ ಆ ಒಂದು ಮಧ್ಯಾಹ್ನವೇ ಲೆಕ್ಕ.

ಅಕ್ಕಾ, ನಿಮ್ಮ ಹುಡುಗನ 35 ಎಲ್ಲಿಂದ ಬಂತು ಅಂದರೆ, 25,000ವನ್ನು 1.732ರಿಂದಲೂ 415 ವೋಲ್ಟ್‌ನಿಂದಲೂ ಭಾಗಿಸಿದ್ದಾನೆ. ಗಣಿತ ಸರಿ. ಆದರೆ ನಿಮ್ಮ ಲೈನಿನಲ್ಲಿ 415 ಯಾವಾಗಲೂ ಇರುತ್ತದಾ? ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಮಳೆ ತಡವಾದರೆ ಸುತ್ತಲಿನ ತೋಟದವರೆಲ್ಲ ಸ್ಪ್ರಿಂಕ್ಲರ್ ಪಂಪು ಚಾಲೂ ಮಾಡುತ್ತಾರೆ. ಆಗ ಲೈನ್ 360ಕ್ಕೆ ಇಳಿಯುವುದು ಹೊಸದೇನಲ್ಲ. ಇನ್ವರ್ಟರ್ ಕೊಡಬೇಕಾದ್ದು 10 ಕಿಲೋವ್ಯಾಟ್. ವೋಲ್ಟೇಜ್ ಇಳಿದರೆ ಕರೆಂಟನ್ನು ಏರಿಸಿ ಕೊಡುತ್ತದೆ. 360 ವೋಲ್ಟ್‌ನಲ್ಲಿ 10 ಕಿಲೋವ್ಯಾಟ್ ಅಂದರೆ 16 ಆಂಪ್ಸ್. ನೀವು ಧೂಳು ಒರೆಸಿ ಓದಿದ ಅಂಕಿ ಅದೇ, ನೋಡಿ! ಲೇಬಲ್‌ನಲ್ಲಿ 14 ಬಿಟ್ಟು 16 ಬರೆದಿರುವುದು ಇದಕ್ಕೇ. ಆ ತಿಂಗಳಲ್ಲಿ ನಮ್ಮಲ್ಲಿ ಬಿಸಿಲೂ ಚುರುಕು. ಲೈನ್ ವೀಕ್ ಆಗುವುದೂ ಬಿಸಿಲು ಪೂರ್ತಿ ಬೀಳುವುದೂ ಒಂದೇ ಹೊತ್ತಿಗೆ.

ಹಾಗಾಗಿ ಕಿಲೋವ್ಯಾಟ್ ಮರೆತುಬಿಡಿ, ಲೇಬಲ್ ಕರೆಂಟ್ ಕೂಡಿಸಿ. 16, 16, 8. ಒಟ್ಟು 40. ಇದು ಲೆಕ್ಕದ ಶುರು ಅಷ್ಟೇ. ಹುಡುಗ ಅದನ್ನೇ ಕೊನೆ ಅಂದುಕೊಂಡಿದ್ದಾನೆ.

ಈಗ ಎಂಸಿಬಿ ವಿಷಯ. ಮನೆಯಲ್ಲಿ ಬಳಸುವ ಎಂಸಿಬಿಯ ರೇಟಿಂಗ್ 30 ಡಿಗ್ರಿಗೆ ಅಳೆದದ್ದು. 30 ಡಿಗ್ರಿಯಲ್ಲಿ 40ರ ಎಂಸಿಬಿಗೆ 40 ಆಂಪ್ಸ್ ಇಡೀ ದಿನ ಕೊಟ್ಟರೂ ಟ್ರಿಪ್ ಆಗಬಾರದು, ಒಪ್ಪುತ್ತೇನೆ. ಆದರೆ ಹೊರಗೋಡೆಯ ತಗಡಿನ ಡಬ್ಬದ ಒಳಗೆ ಮಾರ್ಚ್ ಮಧ್ಯಾಹ್ನ 30 ಎಲ್ಲಿರುತ್ತದೆ? 50 ಹತ್ತಿರ ಹೋಗುತ್ತದೆ. ಜೊತೆಗೆ ನಾಲ್ಕು ಎಂಸಿಬಿ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ, ಒಂದರ ಬಿಸಿ ಇನ್ನೊಂದಕ್ಕೆ. ಕಂಪನಿಯವರ ಕ್ಯಾಟಲಾಗ್‌ನಲ್ಲಿ ಇದಕ್ಕೆಲ್ಲ ಕಡಿತದ ಪಟ್ಟಿ ಇರುತ್ತದೆ, ತೆಗೆದು ನೋಡಲು ಹೇಳಿ. ನಿಮ್ಮ 40ರದ್ದು ಅಲ್ಲಿ 40ರದ್ದಾಗಿ ಉಳಿಯುವುದಿಲ್ಲ. 16 ಆಂಪ್ಸ್ ಕೊಡುವ ಇನ್ವರ್ಟರ್‌ಗೆ 16ರದ್ದೇ ಎಂಸಿಬಿ ಹಾಕಿದ್ದಾನಲ್ಲ, ಅದು ಇನ್ನೂ ಮೊದಲು ಬೀಳುತ್ತದೆ.

ರೈಡರ್ ಅವರ 5 ಕಿಲೋವ್ಯಾಟ್ ಟ್ರಿಪ್ ಆಗದೆ ಇರುವುದು ಒಂಟಿ ಎಂಸಿಬಿ ನೆರಳಿನಲ್ಲಿ ಇರುವುದಕ್ಕೆ ಇರಬಹುದು. ಮೂರು ಸೇರಿದ ಕಡೆ ಲೆಕ್ಕ ಬೇರೆ.

ಟ್ರಿಪ್ ಆದರೆ ಪುಣ್ಯ ಅನ್ನಿ, ರೀಸೆಟ್ ಮಾಡಿದರೆ ಮುಗಿಯಿತು. ಟ್ರಿಪ್ ಆಗದೆ ಬಿಸಿಯಾಗುತ್ತಲೇ ಇರುವುದು ಕೆಟ್ಟದ್ದು. ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ ಇಂಥದ್ದೇ ಡಬ್ಬ ತೆರೆದಿದ್ದೆ. ಮೇನ್ ಎಂಸಿಬಿಯ ಆರ್ ಫೇಸ್ ವೈರಿನ ಕೆಂಪು ಇನ್ಸುಲೇಶನ್ ಟರ್ಮಿನಲ್‌ನಿಂದ ಎರಡು ಬೆರಳಷ್ಟು ದೂರದ ತನಕ ಕಾಫಿ ಪುಡಿ ಬಣ್ಣಕ್ಕೆ ತಿರುಗಿತ್ತು. ಉಗುರು ತಾಗಿಸಿದರೆ ಚೂರು ಚೂರಾಗಿ ಉದುರಿತು. ಸ್ಕ್ರೂ ಕಾಲು ಸುತ್ತು ಸಡಿಲ. ಎಂಸಿಬಿ ಮಾತ್ರ ಆನ್ ಆಗಿಯೇ ಇತ್ತು.

ಇನ್ನೊಂದು ವಿಷಯ, ಇದನ್ನು ಹುಡುಗನಿಗೆ ಖಂಡಿತ ಹೇಳಿ. ಮನೆ ಡಿಬಿ ಕಟ್ಟುವಾಗ ನಾವೆಲ್ಲ ಒಂದು ರಿಯಾಯಿತಿ ತಗೊಳ್ಳುತ್ತೇವೆ. ಗೀಸರ್, ಮಿಕ್ಸಿ, ಪಂಪು ಎಲ್ಲ ಒಟ್ಟಿಗೆ ಓಡುವುದಿಲ್ಲ ಅಂತ. ಐಇಸಿ 61439-2 ಅನ್ನುವ ಅಂತರರಾಷ್ಟ್ರೀಯ ಪ್ಯಾನೆಲ್ ಸ್ಟ್ಯಾಂಡರ್ಡ್‌ನಲ್ಲೇ ಅದಕ್ಕೆ ಅಂಕಿ ಇದೆ. ಬೇರೆ ಮಾಹಿತಿ ಇಲ್ಲದಿದ್ದರೆ 2-3 ಸರ್ಕ್ಯೂಟ್‌ಗೆ 0.9, 4-5ಕ್ಕೆ 0.8 ಅಂತ ಹಿಡಿಯಬಹುದು. ಸೋಲಾರ್‌ಗೆ ಈ ರಿಯಾಯಿತಿ ಇಲ್ಲ. ಸೂರ್ಯ ನೆತ್ತಿಗೆ ಬಂದರೆ ಮೂರೂ ಇನ್ವರ್ಟರ್ ಒಟ್ಟಿಗೇ ಫುಲ್. 1 ಅಂತಲೇ ಹಿಡಿಯಬೇಕು.

ನನ್ನ ಸಲಹೆ: ಇನ್ವರ್ಟರ್‌ಗಳಿಗೆ 25, 25, 16. ಮ್ಯಾನ್ಯುಯಲ್‌ನಲ್ಲಿ ಗರಿಷ್ಠ ಬ್ರೇಕರ್ ಎಷ್ಟು ಅಂತ ಕೊಟ್ಟಿರುತ್ತಾರೆ, ಅದನ್ನು ದಾಟಬಾರದು. ಕೇಬಲ್ಲೂ ಆ ಎಂಸಿಬಿಗೆ ತಕ್ಕ ಹಾಗೆ ಇರಬೇಕು. ಹೊರಗೆ ಹೋಗುವ ಮೇನ್ 63ರ ಫೋರ್ ಪೋಲ್ ಎಂಸಿಸಿಬಿ. ಬಸ್‌ಬಾರ್ 100.

—

ಬೇ ಏರಿಯಾ ಬೋಂಡಾ:

ನಾನು ಕ್ಯಾಲಿಫೋರ್ನಿಯಾದಲ್ಲಿ ಸೋಲಾರ್ ಡ್ರಾಯಿಂಗ್ ಮಾಡುವವನು, ಊರು ವಿರಾಜಪೇಟೆ. ಅಕ್ಕನ ಮಗ ಹೇಳಿದ್ದು ಸರಿ, ಆದರೆ ಎರಡು ರೂಲ್‌ಗಳನ್ನು ಎರಡು ಬೇರೆ ಜಾಗಕ್ಕೆ ಹಾಕಬೇಕು. ಅವನು ಒಂದೇ ಚೀಲಕ್ಕೆ ತುಂಬಿದ್ದಾನೆ ಅನಿಸುತ್ತದೆ.

ಮೊದಲು 125. ಇಲ್ಲಿನ ವೈರಿಂಗ್ ಕೋಡ್ ಎನ್‌ಇಸಿ, ಅಂದರೆ ಎನ್‌ಎಫ್‌ಪಿಎ 70ರ ಪ್ರಕಾರ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಎಡೆಬಿಡದೆ ಹರಿಯುವ ಕರೆಂಟಿಗೆ ಬ್ರೇಕರ್ ಆರಿಸುವಾಗ ಕಾಲು ಭಾಗ ಸೇರಿಸಬೇಕು. ಸೋಲಾರ್ ಯಾವಾಗಲೂ ಆ ಗುಂಪಿಗೇ ಸೇರುತ್ತದೆ. ನಿಮ್ಮ 16ಕ್ಕೆ 20, 8ಕ್ಕೆ 10, ಒಟ್ಟು 40ಕ್ಕೆ 50. ಪೂರ್ತಿ 100 ಪರ್ಸೆಂಟ್ ಹೊರುತ್ತದೆ ಅಂತ ಪರೀಕ್ಷೆಯಾಗಿ ಲಿಸ್ಟ್ ಆದ ಬ್ರೇಕರ್-ಡಬ್ಬ ಜೋಡಿಗೆ ಮಾತ್ರ ವಿನಾಯಿತಿ. ಹಳೇ ವೈರ್‌ಮ್ಯಾನ್ ಅಣ್ಣ ಬಿಸಿಯ ಲೆಕ್ಕ ಹಿಡಿದು ಬಂದ ಜಾಗಕ್ಕೇ ಇಲ್ಲಿನ ಕೋಡ್ ಒಂದು ಗುಣಾಕಾರದಲ್ಲಿ ಬರುತ್ತದೆ.

ಬಸ್‌ಬಾರ್‌ಗೆ ಅದೇ ಕೋಡಿನ 705.12ರಲ್ಲಿ ಹಲವು ದಾರಿ ಕೊಟ್ಟಿದ್ದಾರೆ, ಅದರಲ್ಲಿ ಒಂದು ಪಾಸಾದರೆ ಸಾಕು. ಇಲ್ಲಿ ಬೇಕಾದವು ಮೂರು. ಒಂದು, ಮೇನ್ ಬ್ರೇಕರ್‌ಗೆ ಇನ್ವರ್ಟರ್ ಕರೆಂಟಿನ 125 ಪರ್ಸೆಂಟ್ ಕೂಡಿಸಿದರೆ ಬಸ್‌ಬಾರ್ ರೇಟಿಂಗ್ ಮೀರಬಾರದು. ಇನ್ನೊಂದು ಆ ಪ್ರಸಿದ್ಧ 120: ಅದೇ ಮೊತ್ತ ಬಸ್‌ಬಾರಿನ 120 ಪರ್ಸೆಂಟ್‌ವರೆಗೆ ಹೋಗಬಹುದು, ಆದರೆ ಮೇನ್ ಒಂದು ತುದಿಯಲ್ಲಿ, ಸೋಲಾರ್ ಬ್ರೇಕರ್ ಅದರ ಎದುರು ತುದಿಯಲ್ಲಿ ಇರಬೇಕು. ಆ ಬ್ರೇಕರ್ ಜಾಗ ಬದಲಿಸಬೇಡಿ ಅಂತ ಪಕ್ಕದಲ್ಲಿ ಲೇಬಲ್ ಅಂಟಿಸಬೇಕು. ಮೂರನೆಯದು, ಮೇನ್ ಬಿಟ್ಟು ಪ್ಯಾನೆಲ್‌ನಲ್ಲಿರುವ ಎಲ್ಲ ಬ್ರೇಕರ್‌ಗಳನ್ನೂ ಕೂಡಿಸಿ. ಲೋಡ್‌ನದ್ದು, ಸೋಲಾರ್‌ನದ್ದು ಎರಡೂ ಸೇರಿ ಬಸ್‌ಬಾರ್ ದಾಟಬಾರದು.

ಕಂಬೈನರ್ ಡಬ್ಬಕ್ಕೆ ನಾವು ಸಾಮಾನ್ಯವಾಗಿ ಮೂರನೆಯದನ್ನೇ ಹಿಡಿಯುತ್ತೇವೆ. ಅಲ್ಲಿ ಲೋಡ್ ಇಲ್ಲ, ಬರೀ ಇನ್ವರ್ಟರ್‌ಗಳು. ಅಣ್ಣ ಹೇಳಿದ 25, 25, 16 ಕೂಡಿಸಿದರೆ 66. 63ರ ಬಸ್‌ಬಾರ್ ಫೇಲ್, 100 ಪಾಸ್. ಒಂದು ಎಚ್ಚರಿಕೆ: ಆ ಡಬ್ಬದಲ್ಲಿ ಜಾಗ ಖಾಲಿ ಇದೆ ಅಂತ ಗೇಟ್ ಲೈಟಿಗೋ ಸಿಸಿಟಿವಿಗೋ ಒಂದು ಎಂಸಿಬಿ ಸೇರಿಸಿದರೆ ಅದೂ ಕೂಡುವ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಇನ್ಸ್‌ಪೆಕ್ಟರ್ ಮೊದಲು ನೋಡುವುದೇ ಅದನ್ನು.

120ರ ರೂಲ್ ಇರುವುದು ಲೋಡ್ ಇರುವ ಮೇನ್ ಪ್ಯಾನೆಲ್‌ಗೆ. ಇಲ್ಲಿ ಬಹಳ ಮನೆಗಳಲ್ಲಿ ಬಸ್‌ಬಾರ್ 200, ಮೇನ್ 200. 120 ಪರ್ಸೆಂಟ್ ಅಂದರೆ 240, ಸೋಲಾರ್‌ಗೆ ಉಳಿಯುವುದು 40. 125ರ ಲೆಕ್ಕದಲ್ಲಿ ಹಿಂದಕ್ಕೆ ಬಂದರೆ ಇನ್ವರ್ಟರ್ 32 ಆಂಪ್ಸ್, 240 ವೋಲ್ಟ್‌ನಲ್ಲಿ 7.68 ಕಿಲೋವ್ಯಾಟ್. ಇಲ್ಲಿ 7.6 ಕಿಲೋವ್ಯಾಟ್ ಅನ್ನುವ ವಿಚಿತ್ರ ಸೈಜಿನ ಇನ್ವರ್ಟರ್ ಎಲ್ಲೆಲ್ಲೂ ಕಾಣುವುದು ಇದರಿಂದಲೇ.

—

ಹಳೇ ವೈರ್‌ಮ್ಯಾನ್:

ಬೋಂಡಾ ಚೆನ್ನಾಗಿ ಬಿಡಿಸಿ ಹೇಳಿದ. ಆದರೆ 120ರ ರಿಯಾಯಿತಿ ಇಟ್ಟುಕೊಂಡು ಇಲ್ಲಿ ಯಾರೂ ಪ್ಯಾನೆಲ್ ಕಟ್ಟಬೇಡಿ. ಅದು ಅಲ್ಲಿನ ಪ್ಯಾನೆಲ್‌ಬೋರ್ಡ್ ನೋಡಿ ಬರೆದದ್ದು. ಅಲ್ಲಿ ಬಸ್‌ಬಾರ್ ಉದ್ದಕ್ಕೆ ಇರುತ್ತದೆ, ತುದಿ ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಡಿಬಿಯಲ್ಲಿ ಮೇನ್‌ನಿಂದ ವೈರ್ ಎಳೆದು ಬಾಚಣಿಗೆ ಬಸ್‌ಬಾರಿನ ಮಧ್ಯಕ್ಕೆ ಕೊಟ್ಟಿರುತ್ತಾರೆ. ಎದುರು ತುದಿ ಎಲ್ಲಿಂದ ತರುವುದು?

ನಮ್ಮಲ್ಲೂ ಎನ್‌ಇಸಿ ಅಂತಲೇ ಕರೆಯುವ ಪುಸ್ತಕ ಇದೆ, ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಎಸ್‌ಪಿ 30, ಹೊಸದು 2023ರದ್ದು. ಯಾರಾದರೂ "ಎನ್‌ಇಸಿಯಲ್ಲಿದೆ" ಅಂದರೆ ಯಾವ ದೇಶದ್ದು ಅಂತ ಕೇಳಿ. ವೈರಿಂಗ್‌ಗೆ ಐಎಸ್ 732, ಪ್ಯಾನೆಲ್‌ಗೆ ಐಎಸ್/ಐಇಸಿ 61439, ಅರ್ತಿಂಗ್‌ಗೆ ಐಎಸ್ 3043, ಇದೆಲ್ಲದರ ಮೇಲೆ ಕಾನೂನಾಗಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಸಿಇಎಯ 2023ರ ಸುರಕ್ಷತಾ ನಿಯಮಗಳು. ನಾವು ಹೋಗುವುದು ಐಇಸಿ ದಾರಿಯಲ್ಲಿ. ಅಲ್ಲಿ 125 ಅಂತ ಒಂದು ಗುಣಾಕಾರ ಇಲ್ಲ. ಹರಿಯುವ ಕರೆಂಟಿಗಿಂತ ಬ್ರೇಕರ್ ಕಮ್ಮಿ ಇರಬಾರದು, ಬ್ರೇಕರ್‌ಗಿಂತ ಕೇಬಲ್ ಕಮ್ಮಿ ಇರಬಾರದು, ಬಿಸಿಗೂ ಗುಂಪಿಗೂ ಎಷ್ಟು ಕಡಿಯಬೇಕೋ ಕಡಿಯಿರಿ ಅನ್ನುತ್ತದೆ. ತಲೆ ಉಪಯೋಗಿಸಬೇಕು, ಅಷ್ಟೇ.

ಒಂದೇ ಬಸ್‌ಬಾರ್‌ಗೆ ಎರಡು ಕಡೆಯಿಂದ ಕರೆಂಟು ಬಂದರೆ? ಐಇಸಿ 60364-5-55ರ ಜನರೇಟರ್ ಭಾಗದಲ್ಲಿ, 551ರಲ್ಲಿ, ಫೈನಲ್ ಸರ್ಕ್ಯೂಟಿಗೆ (ಉಪಕರಣಕ್ಕೆ ನೇರ ಹೋಗುವ ಲೈನಿಗೆ) ಒಂದು ಸರಳ ಕೂಡುವ ಲೆಕ್ಕ ಇದೆ: ಬ್ರೇಕರ್ ರೇಟಿಂಗ್, ಜನರೇಟರ್ ಕರೆಂಟ್ ಎರಡನ್ನೂ ಕೂಡಿಸಿ, ತಂತಿ ಅಷ್ಟನ್ನು ಹೊರಬೇಕು. ಇಂಗ್ಲೆಂಡಿನವರು ಬಿಎಸ್ 7671ರಲ್ಲಿ ಇದನ್ನೇ ಪ್ಯಾನೆಲ್‌ಗೂ ಹಾಕಿದ್ದಾರೆ. ರಿಯಾಯಿತಿ ಇಲ್ಲ. ನಿಮ್ಮ ಮೇನ್ ಪ್ಯಾನೆಲ್‌ಗೆ ಹಾಕಿ ನೋಡಿ. 63ಕ್ಕೆ 40 ಕೂಡಿಸಿದರೆ 103. ಪ್ಲೇಟಿನಲ್ಲಿ 100. ಬೋಂಡಾ ಲೆಕ್ಕದಲ್ಲಿ 63ಕ್ಕೆ 50 ಕೂಡಿಸಿ 113, ಅದು 120ರ ಒಳಗೆ, ಪಾಸ್. ನಮ್ಮ ಲೆಕ್ಕದಲ್ಲಿ ಮೂರು ಆಂಪ್ಸ್‌ಗೆ ಫೇಲ್.

ಯಾಕೆ ಕೂಡಿಸಬೇಕು ಅಂತ ಹುಡುಗ ಕೇಳಿದರೆ ಹೀಗೆ ಹೇಳಿ. ಸುಂಟಿಕೊಪ್ಪ ಪೇಟೆಗೆ ಕುಶಾಲನಗರದ ಕಡೆಯಿಂದಲೂ ಗಾಡಿ ಬರುತ್ತದೆ, ಮಡಿಕೇರಿ ಕಡೆಯಿಂದಲೂ ಬರುತ್ತದೆ. ಎರಡೂ ಬದಿಯಲ್ಲಿ ಒಂದೊಂದು ಗೇಟ್ ಇಟ್ಟು "ನಮ್ಮ ಕಡೆಯಿಂದ ಇಷ್ಟೇ ಗಾಡಿ" ಅಂತ ಎಣಿಸಿದರೂ, ಪೇಟೆ ಒಳಗೆ ಒಟ್ಟು ಎಷ್ಟಾಯಿತು ಅಂತ ಎಣಿಸುವವರು ಯಾರೂ ಇಲ್ಲ. ಮೇನ್ ಎಂಸಿಸಿಬಿ 63ರ ತನಕ ಸುಮ್ನೆ ಇರುತ್ತದೆ. ಸೋಲಾರ್ ಬ್ರೇಕರ್ ತನ್ನ 40ಕ್ಕೆ ಸುಮ್ನೆ ಇರುತ್ತದೆ. ಬಸ್‌ಬಾರಿನಿಂದ ಲೋಡಿಗೆ 103 ಹೋದರೂ ಇಬ್ಬರಿಗೂ ಗೊತ್ತಾಗುವುದಿಲ್ಲ.

ನಿಮ್ಮ ಇವತ್ತಿನ ಲೋಡ್‌ನಲ್ಲಿ 103 ಬರುವುದಿಲ್ಲ, ನಿಜ. ನಾಳೆ ಹೋಂಸ್ಟೇಗೆ ಕಾರ್ ಚಾರ್ಜರ್ ಬಂದಾಗ ಈ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಎರಡು ದಾರಿ ಇದೆ. ಮೇನ್ ಎಂಸಿಸಿಬಿಯನ್ನು 50ಕ್ಕೆ ಇಳಿಸಿ, ಆಗ 90. 25 ಕಿಲೋವ್ಯಾಟ್ ಲೋಡಿಗೆ 50 ಸಾಕಾಗುತ್ತದೆ, ಪಲ್ಪರ್ ಸ್ಟಾರ್ಟಿಂಗ್ ಮಾತ್ರ ಒಮ್ಮೆ ನೋಡಿಕೊಳ್ಳಿ. ಇಲ್ಲದಿದ್ದರೆ ಕಂಬೈನರ್ ಕೇಬಲ್ಲನ್ನು ಮೇನ್ ಪ್ಯಾನೆಲ್ ಒಳಗೆ ತರಲೇಬೇಡಿ, ಮೀಟರಿಗೂ ಮೇನ್ ಪ್ಯಾನೆಲ್‌ಗೂ ನಡುವೆ ಸೇರಿಸಿ. ನನಗೆ ಎರಡನೆಯದೇ ಇಷ್ಟ.

ಅಂದ ಹಾಗೆ ಅಕ್ಕಾ, ಎಲ್ಲ ಅಂಕಿ ಕೊಟ್ಟಿದ್ದೇನೆ ಅಂದಿರಿ. ಮಾದಾಪುರದಲ್ಲಿ ಹೋಂಸ್ಟೇ ಇಟ್ಟುಕೊಂಡು ಜನರೇಟರ್ ಇಲ್ಲ ಅಂದರೆ ನಾನು ನಂಬುವುದಿಲ್ಲ. ಅದು ಎಲ್ಲಿದೆ?

—

ಕರಿಮೆಣಸು:

ಇದೆ ಅಣ್ಣಾ, ಇದೆ! ಜನರೇಟರ್‌ಗೂ ಸೋಲಾರ್‌ಗೂ ಏನು ಸಂಬಂಧ ಅಂತ ಬರೆಯಲಿಲ್ಲ. 20 ಕೆವಿಎ ಡೀಸೆಲ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಅದೇ ಗತಿ, ಕೆಲವೊಮ್ಮೆ ಎರಡು ಮೂರು ದಿನ. ಕೈಯಲ್ಲಿ ತಿರುಗಿಸುವ ಚೇಂಜ್‌ಓವರ್ ಸ್ವಿಚ್ ಇದೆ. ಮೀಟರ್, ಆಮೇಲೆ ಚೇಂಜ್‌ಓವರ್, ಆಮೇಲೆ ಮೇನ್ ಪ್ಯಾನೆಲ್. ಈಗಿನ 10 ಕಿಲೋವ್ಯಾಟ್ ಸೋಲಾರ್ ಮೇನ್ ಪ್ಯಾನೆಲ್‌ನ ಒಂದು ಖಾಲಿ ಎಂಸಿಬಿಗೆ ಸೇರಿದೆ.

ಹುಡುಗನಿಗೆ ನಿಮ್ಮ ಮಾತು ಓದಿ ಹೇಳಿದೆ. 360 ವೋಲ್ಟ್ ಲೆಕ್ಕಕ್ಕೆ ತಲೆಯಾಡಿಸಿದ. ಸುಂಟಿಕೊಪ್ಪ ಪೇಟೆ ಅವನಿಗೆ ತುಂಬಾ ಹಿಡಿಸಿತು, ಅವನ ಮನೆ ಅಲ್ಲೇ. ಆದರೆ "100ರ ಬಸ್‌ಬಾರ್ ಯಾಕೆ, ಇನ್ವರ್ಟರ್ 40ಕ್ಕಿಂತ ಜಾಸ್ತಿ ಕೊಡೋದೇ ಇಲ್ವಲ್ಲ, 63 ಸಾಕಲ್ವಾ" ಅಂತ ವಾಪಸ್ ಕೇಳಿದ್ದಾನೆ. ನನಗೂ ಅದು ನ್ಯಾಯ ಅನಿಸಿತು.

—

ಹಳೇ ವೈರ್‌ಮ್ಯಾನ್:

ನ್ಯಾಯವೇ. ಹುಡುಗನಿಗೆ ಬುದ್ಧಿ ಇದೆ. ಇನ್ವರ್ಟರ್ ತನ್ನ ಕರೆಂಟನ್ನು ತಾನೇ ಮಿತಿಯಲ್ಲಿ ಇಡುತ್ತದೆ, ಬ್ರೇಕರ್‌ಗಳ ಮೊತ್ತದಷ್ಟು ಯಾವತ್ತೂ ಕೊಡುವುದಿಲ್ಲ. 63ರ ಬಸ್‌ಬಾರ್ ಸುಡುವುದಿಲ್ಲ. ಆದರೂ ನಾನು 100 ಅನ್ನುವುದಕ್ಕೆ ಕಾರಣ ಹಣ. ನಾಲ್ಕನೇ ಇನ್ವರ್ಟರ್ ಬಂದಾಗ ಡಬ್ಬ ಕಿತ್ತು ಹಾಕುವುದಕ್ಕಿಂತ ಈಗಲೇ ಸ್ವಲ್ಪ ಜಾಸ್ತಿ ತಾಮ್ರ ಹಾಕುವುದು ಅಗ್ಗ. ಅವನು 63 ಅಂತ ಹಠ ಮಾಡಿದರೆ ನಾನು ಜಗಳ ಆಡುವುದಿಲ್ಲ. 40ಕ್ಕೆ ಮಾತ್ರ ಬಿಡಬೇಡಿ.

ಜಗಳ ಆಡುವುದು ಚೇಂಜ್‌ಓವರ್ ವಿಷಯಕ್ಕೆ. ಕರೆಂಟ್ ಹೋದ ಕೂಡಲೇ ಇನ್ವರ್ಟರ್ ನಿಲ್ಲುತ್ತದೆ, ಲೈನ್‌ಮ್ಯಾನ್ ಸಾಯಬಾರದು ಅಂತ. ನೀವು ಚೇಂಜ್‌ಓವರ್ ತಿರುಗಿಸಿ ಜನರೇಟರ್ ಚಾಲೂ ಮಾಡುತ್ತೀರಿ. ಈಗ ಮೇನ್ ಪ್ಯಾನೆಲ್‌ಗೆ 50 ಹರ್ಟ್ಸ್ ಬಂತು. ಇನ್ವರ್ಟರ್‌ಗೆ ಅದು ಗ್ರಿಡ್ಡಾ ಜನರೇಟರಾ ಅಂತ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ನೋಡಿ ಅದಕ್ಕೇ ಸೇರಿಕೊಳ್ಳುತ್ತದೆ. ಮಳೆ ನಿಂತು ಬಿಸಿಲು ಬಂತು ಅಂದುಕೊಳ್ಳಿ. ಮೂರು ಇನ್ವರ್ಟರ್ ಸೇರಿ 15 ಕಿಲೋವ್ಯಾಟ್ ಕೊಡುತ್ತಿವೆ, ಮನೆಯಲ್ಲಿ ಓಡುತ್ತಿರುವುದು 6. ಉಳಿದ 9 ಎಲ್ಲಿಗೆ ಹೋಗಬೇಕು? ಗ್ರಿಡ್ ಇಲ್ಲ. ಜನರೇಟರ್ ಒಳಗೇ ನುಗ್ಗುತ್ತದೆ. ಆಲ್ಟರ್ನೇಟರ್ ಮೋಟಾರ್ ಆಗಿ ಎಂಜಿನ್ನನ್ನೇ ತಿರುಗಿಸಲು ಹೋಗುತ್ತದೆ, ವೋಲ್ಟೇಜೂ ಫ್ರೀಕ್ವೆನ್ಸಿಯೂ ಕೈ ತಪ್ಪುತ್ತವೆ. ಇನ್ವರ್ಟರ್ ತಾನಾಗಿ ಕಳಚಿಕೊಂಡರೆ ಬಚಾವ್, ಇಲ್ಲದಿದ್ದರೆ ಜನರೇಟರ್ ವೋಲ್ಟೇಜ್ ಕಾಯುವ ಎವಿಆರ್, ಫ್ರಿಜ್, ಟಿವಿ ಯಾವುದು ಮೊದಲು ಹೋಗುತ್ತದೆ ಅಂತ ಹೇಳಲಿಕ್ಕಾಗದು.

ಇಷ್ಟು ದಿನ 10 ಕಿಲೋವ್ಯಾಟ್ ಒಂದೇ ಇತ್ತು, ಜನರೇಟರ್ ಓಡುವ ಹೊತ್ತಿಗೆ ಮೋಡವೂ ಇತ್ತು. 25 ಆದ ಮೇಲೆ ಆ ಅದೃಷ್ಟ ನಂಬಬೇಡಿ. ಈಗಿನ 10ರದ್ದನ್ನೂ ಆ ಖಾಲಿ ಎಂಸಿಬಿಯಿಂದ ತೆಗೆದು ಕಂಬೈನರ್‌ಗೆ ತನ್ನಿ. ಕಂಬೈನರ್ ಕೇಬಲ್ ಮೀಟರಿಗೂ ಚೇಂಜ್‌ಓವರ್‌ಗೂ ನಡುವೆ ಸೇರಲಿ. ಜನರೇಟರ್ ಕಡೆ ತಿರುಗಿಸಿದರೆ ಸೋಲಾರ್ ತಾನಾಗಿ ಹೊರಗೆ. 103ರ ತಲೆನೋವೂ ಹೋಯಿತು, ಮೇನ್ ಪ್ಯಾನೆಲ್‌ಗೆ ಸೋಲಾರ್ ಬರುವುದು ಅದೇ 63ರ ಮೂಲಕ.

ಸೇರಿಸುವ ಜಾಗಕ್ಕೆ ಒಂದು 100 ಆಂಪ್ಸ್ ಬಸ್‌ಬಾರ್ ಡಬ್ಬ, ಮೀಟರ್ ಬದಿಯಲ್ಲಿ 63ರ ಬ್ರೇಕರ್. ಇದಕ್ಕೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಡ್ರಾಯಿಂಗ್ ಮಾಡಿ ಚೆಸ್ಕಾಂ ಸಬ್ ಡಿವಿಜನ್‌ಗೆ ಕೊಡಬೇಕು. ಮೀಟರ್ ಹತ್ತಿರ ನೀವೇ ಕೈ ಹಾಕಬೇಡಿ.

—

ಕುಶಾಲನಗರ ಕೇಬಲ್:

ಪ್ಯಾನೆಲ್ ಬಗ್ಗೆ ಎಲ್ಲ ಬಂತು, ಗೋಡೌನ್ ಎಷ್ಟು ದೂರ ಅಂತ ಯಾರೂ ಕೇಳಲಿಲ್ಲ. ಹೋದ ವಾರ ಒಂದು ತೋಟದಲ್ಲಿ ಇದೇ ಗೋಳು. ಪ್ಯಾನೆಲ್ ಭರ್ಜರಿ, ಇನ್ವರ್ಟರ್ ಮಾತ್ರ ಮಧ್ಯಾಹ್ನ "ಗ್ರಿಡ್ ಓವರ್ ವೋಲ್ಟೇಜ್" ಅಂತ ನಿಲ್ಲುತ್ತಿತ್ತು.

150 ಮೀಟರ್ ಅಂತ ಇಟ್ಟುಕೊಳ್ಳಿ. 6 ಸ್ಕ್ವೇರ್ ಎಂಎಂ ತಾಮ್ರದಲ್ಲಿ 16 ಆಂಪ್ಸ್ ಕಳಿಸಿದರೆ ಫೇಸಿಗೆ ಸುಮಾರು 9 ವೋಲ್ಟ್ ವ್ಯತ್ಯಾಸ. ಲೋಡಿಗಾದರೆ ಅದು ಇಳಿತ, ಸೋಲಾರ್‌ಗೆ ಅದು ಏರಿಕೆ. ಪ್ಯಾನೆಲ್‌ನಲ್ಲಿ 246 ಇದ್ದರೆ ಗೋಡೌನ್ ಇನ್ವರ್ಟರ್ ಹತ್ತಿರ 255. ಇನ್ವರ್ಟರ್‌ನಲ್ಲಿ 230ರ ಮೇಲೆ ಹತ್ತು ಪರ್ಸೆಂಟ್, ಅಂದರೆ 253ರ ಸೆಟ್ಟಿಂಗ್ ಇದ್ದರೆ ಆಫ್. 25 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಹಾಕಿದರೆ ಏರಿಕೆ ಮೂರೂವರೆ ವೋಲ್ಟ್ ಆಸುಪಾಸಿಗೆ ಬರುತ್ತದೆ. ಅಲ್ಯೂಮಿನಿಯಂ ಕೇಬಲ್ ತಾಮ್ರದ ಬಸ್‌ಬಾರ್‌ಗೆ ಸೇರುವ ಕಡೆ ಬೈಮೆಟಾಲಿಕ್ ಲಗ್ ಹಾಕಿಸಿ. ನಮ್ಮ ತೇವಕ್ಕೆ ಬರೀ ಅಲ್ಯೂಮಿನಿಯಂ ಲಗ್ ಒಂದು ಮಳೆಗಾಲ ಕಳೆದರೆ ಬಿಳಿ ಪುಡಿ ಹಿಡಿಯುತ್ತದೆ, ಅಲ್ಲಿಂದ ಬಿಸಿ ಶುರು.

ಡಬ್ಬ ತಗಡಿನ ಡಿಬಿ ಬೇಡ, ಧೂಳು, ನೀರು ಒಳಗೆ ಬಿಡದ ಐಪಿ 65 ತಗೊಳ್ಳಿ. ಕೇಬಲ್ ಕೆಳಗಿನಿಂದಲೇ ಬರಲಿ, ಪ್ರತಿ ತೂತಿಗೂ ಗ್ಲ್ಯಾಂಡ್. ಖಾಲಿ ತೂತು ಬಿಟ್ಟರೆ ಜೂನ್ ಒಳಗೆ ಇರುವೆ ಗೂಡು, ಹಿಂದೆಯೇ ಹಲ್ಲಿ. ಸಿಡಿಲಿನ ಸರ್ಜ್ ತಡೆಯುವ ಎಸ್‌ಪಿಡಿಗೂ ಜಾಗ ಇಡಿ. ಏಪ್ರಿಲ್, ಮೇ ಗುಡುಗು ಮಿಂಚು ನಿಮಗೆ ನಾನು ಹೇಳಬೇಕಾ.

—

ಕರಿಮೆಣಸು:

ಗೋಡೌನ್ ಹೆಚ್ಚು ಕಮ್ಮಿ ಅಷ್ಟೇ ದೂರ. ಕೋಟೇಶನ್‌ನಲ್ಲಿ 6 ಸ್ಕ್ವೇರ್ ಎಂಎಂ ಅಂತಲೇ ಇದೆ, ಈಗ ತೆಗೆದು ನೋಡಿದೆ.

ಹುಡುಗನಿಗೆ ಹೊಸ ಪಟ್ಟಿ ಕೊಟ್ಟಿದ್ದೇನೆ. ಐಪಿ 65 ಡಬ್ಬ, 100ರ ಬಸ್‌ಬಾರ್, 25, 25, 16, ಹೊರಗೆ 63 ಎಂಸಿಸಿಬಿ, ಗೋಡೌನ್‌ಗೆ 25 ಅಲ್ಯೂಮಿನಿಯಂ, ಎಲ್ಲ ಚೇಂಜ್‌ಓವರ್‌ಗಿಂತ ಮುಂಚೆ. ಗೇಟ್ ಲೈಟ್ ಆ ಡಬ್ಬಕ್ಕೆ ಬೇಡ ಅಂತ ಕೆಂಪು ಪೆನ್ನಲ್ಲಿ ಬರೆದೆ, ಯಾಕೆಂದರೆ ಅವನು ಅದನ್ನೇ ಪ್ಲಾನ್ ಮಾಡಿದ್ದನಂತೆ. ಜನರೇಟರ್ ವಿಷಯ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಇನ್ನೆರಡು ತೋಟಗಳ ಹೆಸರು ಹೇಳಿ, ಅಲ್ಲೂ ಹೋಗಿ ನೋಡಬೇಕು ಅಕ್ಕ ಅಂದ.

ಒಂದೇ ಉಳಿದದ್ದು. ಕಂಬೈನರ್ ಬಾಗಿಲ ಮೇಲೆ ಏನು ಬರೆಸಬೇಕು? ಅಕ್ಕನ ಮಗ ಇಂಗ್ಲಿಷ್‌ನಲ್ಲಿ ದೊಡ್ಡ ಪ್ಯಾರಾ ಕಳಿಸಿದ್ದಾನೆ.

—

ಹಳೇ ವೈರ್‌ಮ್ಯಾನ್:

ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ: "ಎಚ್ಚರಿಕೆ. ಎರಡು ಕಡೆಯಿಂದ ಕರೆಂಟ್ ಇದೆ. ಮೇನ್ ಆಫ್ ಮಾಡಿದರೂ ಸೋಲಾರ್ ಕಡೆ ನೋಡಿಯೇ ಕೈ ಹಾಕಿ." ಕೆಳಗೆ ಬಸ್‌ಬಾರ್ 100 ಆಂಪ್ಸ್, ಇನ್ವರ್ಟರ್ ಒಟ್ಟು 40 ಆಂಪ್ಸ್, ಬೇರೆ ಲೋಡ್ ಸೇರಿಸಬಾರದು. ಇದೇ ಎಚ್ಚರಿಕೆ ಮೀಟರ್ ಹತ್ತಿರವೂ ಒಂದು ಇರಲಿ, ಲೈನ್‌ಮ್ಯಾನ್ ಮೊದಲು ಬರುವುದು ಅಲ್ಲಿಗೆ. ಅಲ್ಲಿ ಬೀಗ ಹಾಕಲು ಬರುವ ಐಸೊಲೇಟರ್ ಕೂಡ ಬೇಕು. ಕಾಗದ ಅಂಟಿಸಬೇಡಿ, ನಮ್ಮ ಮಳೆಗೆ ನಿಲ್ಲುವುದಿಲ್ಲ. ಕೆತ್ತಿದ ಪ್ಲಾಸ್ಟಿಕ್ ಪ್ಲೇಟ್ ಮಾಡಿಸಿ, ನಾಲ್ಕು ಮೂಲೆಗೂ ಸ್ಕ್ರೂ ಹೊಡೆಸಿ. ಪ್ಯಾನೆಲ್ ಬಾಗಿಲಿಗೆ ತೂತು ಕೊರೆದರೆ ನೀರು ಹೋಗುತ್ತದೆ, ಅದಕ್ಕೆ ಪಕ್ಕದ ಗೋಡೆಗೇ ಹೊಡೆಸಿ.